ಅಬ್ಬಾಗೆ ಕೇಳಿಸದಂತೆ

ಲೈಡನ್, ನೆದರ್‌ಲೆಂಡ್ಸ್, ಫೆಬ್ರವರಿ 2021

ಅಮ್ಮೀ, ಸಲಾಂ.

ಫೋನಿನಲ್ಲಿ ಅಬ್ಬಾ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಮೆಕ್ಸಿಕೋದ ಯಾರೆತ್ಸಿ ಗೊತ್ತಲ್ಲ? ಅವಳ ತಂದೆ ಕೊರೊನಾದಿಂದ ತೀರಿಕೊಂಡಾಗ ಅವಳಿಗೆ ಊರಿಗೆ ಹೋಗಲಾಗಲಿಲ್ಲ. "ನೀನು ಗಟ್ಟಿಗಿತ್ತಿ, ಅಳಬಾರದು" ಎಂದು ಮನೆಯವರು ದಿನವೂ ಹೇಳಿದರು. ಅವಳು ಅಳಲಿಲ್ಲ, ಊಟ, ನಿದ್ದೆ ಬಿಟ್ಟಳು. ಸೋಮವಾರ ನಾನೇ ಮನೋವೈದ್ಯರ ಬಳಿ ಕರೆದೊಯ್ದೆ. ಅದನ್ನು ಕೇಳಿ ಅವಳ ತಾಯಿ, "ನಮ್ಮ ಮನೆತನದಲ್ಲಿ ಹುಚ್ಚರಿಲ್ಲ" ಎಂದು ಫೋನಿಟ್ಟರಂತೆ.

ನೀವೂ ಅದನ್ನೇ ಹೇಳಿದ್ದಿರಿ. ತಮ್ಮ ಉಜೈರ್ ಐದು ತಿಂಗಳಿಂದ ಕೋಣೆ ಬಿಟ್ಟು ಹೊರಬಂದಿಲ್ಲ. "ತಮ್ಮನ ವಿಷಯ ಗೊತ್ತಾದ್ರೆ ನಿನ್ನ ಮದುವೆ ನಿಲ್ಲುತ್ತೆ" ಎಂದು ನನ್ನ ಬಾಯಿ ಮುಚ್ಚಿಸಿದಿರಿ.

ಹುಡುಗನ ಮನೆಯವರಿಗೆ ನಿನ್ನೆ ನಾನೇ ಎಲ್ಲ ಹೇಳಿದೆ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ. ದಯವಿಟ್ಟು ತಮ್ಮನನ್ನು ಡಾಕ್ಟರಿಗೆ ತೋರಿಸಿ.

ನಿಮ್ಮ ಮಗಳು,
ಮಹನೂರ್