ಕರೆಂಟ್ ಹೋಗಿ ಬಂದರೂ ನಡೆಯುವ ಮಷಿನ್ನೇ ತಾ

ಅಣ್ಣಾ,

ಅವ್ವನ ಮುಂದೆ ನನಗೆ ಬಾಯಿ ಏಳುವುದಿಲ್ಲ, ಅದಕ್ಕೇ ಬರೆದಿಟ್ಟು ಹಾಲಿನ ಡೈರಿಗೆ ಹೋಗುತ್ತಿದ್ದೇನೆ.

ಇವತ್ತು ಹೊನ್ನಾಳಿಯಲ್ಲಿ ಮೊಸರಿನ ಮಷಿನ್ ಕೊಳ್ಳುವಾಗ ಒತ್ತುವ ಬಟನ್ನಿನದು ಬೇಡ. ಫ್ಯಾನಿನ ರೆಗ್ಯುಲೇಟರಿನ ಹಾಗೆ ತಿರುಗಿಸುವುದನ್ನು ತಾ. ನಮ್ಮ ಬೀದಿಯ ಮಾಲಕ್ಕನ ಮನೆಯ ಬಟನ್ ಮಷಿನ್ನನ್ನು ಕೂತು ನೋಡಿದ್ದೇನೆ. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಶುರುವಾಗುವುದಿಲ್ಲ, ಹಾಲು ತಣ್ಣಗಾಗಿ ಲೋಳೆಯಾಗುತ್ತದೆ. ಚಿಕ್ಕ ಗಾಜಿನ ಕಪ್ಪುಗಳೂ ಬೇಡ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಲು ಒಂದೇ ದೊಡ್ಡ ಪಾತ್ರೆ ಇರಲಿ.

ನೀರಿಳಿಸಿ ಮಾರುವ ನನ್ನ ಗಟ್ಟಿ ಗ್ರೀಕ್ ಮೊಸರು ಈ ಚಳಿಗೆ ಸರಿಯಾಗಿ ಹೆಪ್ಪುಗಟ್ಟದೆ, ಅದನ್ನು ಜಿಮ್ಮಿನ ಗುರುಸ್ವಾಮಿಯವರು ಎರಡು ಸಲ ವಾಪಸ್ ಕಳಿಸಿದ್ದಾರೆ. "ಇನ್ನೊಂದ್ಸಲ ಹಿಂಗಾದ್ರೆ ಬ್ಯಾಡ ಬಿಡಮ್ಮ" ಅಂದರು. ಅವ್ವನೂ, "ಮೊಸ್ರು ಮಾಡಾಕೆ ಬರ್ದಿದ್ರೆ ಭಾನುವಾರ ಬರೋ ಗಂಡಿನ ಕಡೆಯೋರಿಗೆ ಹೂಂ ಅನ್ನು" ಅನ್ನುತ್ತಾಳೆ. ನನಗೆ ಈಗಲೇ ಮದುವೆ ಬೇಡ ಅಣ್ಣಾ, ಕೈಮುಗಿಯುತ್ತೇನೆ.

ಅಂಗಡಿಯವನು ಹೊಸ ಮಾಡೆಲ್ ಅಂದ ಕೂಡಲೇ ತಲೆಯಾಡಿಸಬೇಡ, ನಿನ್ನ ಚಾಳಿ ಗೊತ್ತು.

ಒಲೆಯ ಪಕ್ಕದ ಬಟ್ಟಲಲ್ಲಿರುವುದು ಇವತ್ತು ರಾತ್ರಿಯ ಹೆಪ್ಪಿಗೆ ಇಟ್ಟ ಮೊಸರು. ದೀಪ ಹಚ್ಚಿದ ಮೇಲೆ ಈ ಊರಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ದಮ್ಮಯ್ಯ, ಅನ್ನಕ್ಕೆ ಕಲಸಿಕೊಂಡು ತಿಂದುಬಿಡಬೇಡ.

ಅಂಬಿ