ತುಂಬಿದಾಗ ಕೂಗುವ ಹಾರ್ನು

ಮೀನಿನ ಶೆಡ್ಡು, ಬಾಗಿಲ ಪಕ್ಕದ ಸ್ಟೂಲು
ಹದಿನಾಲ್ಕನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಕಿಡೀ,

ಬರಿಗೈಯಲ್ಲಿ ಸಿಡಿಲು ಹಿಡಿದು ಬ್ಯಾಟರಿಗೆ ತುಂಬಿದ ಗಂಡಸು ಈ ಭೂಮಿಯ ಮೇಲೆ ನಿನ್ನ ಸೋದರಮಾವ ಒಬ್ಬನೇ. ನಂಬಿಕೆ ಬಾರದಿದ್ದರೆ ನಿನ್ನ ಅತ್ತೆಯನ್ನು ಕೇಳು. ಬೇಡ, ಅವಳನ್ನು ಕೇಳಬೇಡ, ಅವಳು ಸದ್ಯಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನು ಹೇಗಿದ್ದೀ? ಕೆಮ್ಮು ಹೋಯಿತೇ? ಟ್ರೈನಿಂಗ್ ಹಾಸ್ಟೆಲಿನ ಅನ್ನದಲ್ಲಿ ಇನ್ನೂ ಪೋಸ್ಟರ್ ಅಂಟಿಸಬಹುದೇ? ನಿನ್ನಮ್ಮ, ಅಂದರೆ ನನ್ನ ಅಕ್ಕ, ಮಂಡಿನೋವಿನಲ್ಲೂ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ನಾನಂತೂ ಕಲ್ಲುಗುಂಡು. ಎರಡು ಮೀನು ಸತ್ತವು ಅಷ್ಟೇ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಒಂದು ಗಳಿಗೆ ಎದ್ದು ಹೋಗಿ ಬಂದೆ. ಜನರೇಟರು ಕೆಮ್ಮಿದಂತಾಯಿತು. ಏನಿಲ್ಲ, ಗಿರಣಿಯವನ ಸ್ಕೂಟರು.

ಎಲ್ಲಿದ್ದೆ? ಹಾಂ. ನೀನು ಹೊರಡುವ ದಿನ ಇನ್ವರ್ಟರಿನ ಮುಂದೆ ನನ್ನನ್ನು ನಿಲ್ಲಿಸಿ ಪಾಠ ಮಾಡಿದ್ದು ಚೆನ್ನಾಗಿ ನೆನಪಿದೆ. ಅದರ ಹೊಟ್ಟೆಯಡಿ, ದಪ್ಪ ತಂತಿಗಳ ಪಕ್ಕದಲ್ಲಿ, ಆಕ್ಸ್ ಎಂದು ಬರೆದ ಎರಡು ಪುಟ್ಟ ಸ್ಕ್ರೂಗಳಿವೆಯಲ್ಲ, ಅವನ್ನು ತೋರಿಸಿ "ಮಾವ, ಇದು ಇನ್ವರ್ಟರಿನ ಕಿರುಬೆರಳು. ಬ್ಯಾಟರಿ ಇಳಿದ್ರೆ ಇದೇ ಜನರೇಟರನ್ನ ತಟ್ಟಿ ಎಬ್ಬಿಸುತ್ತೆ, ತುಂಬಿದ್ಮೇಲೆ ಮಲಗಿಸುತ್ತೆ. ಇದನ್ನೊಂದು ಮುಟ್ಬೇಡ" ಎಂದಿದ್ದೆ. ಬಿಸಿಲಿದ್ದರೆ ಚಾವಣಿಯ ಸೋಲಾರ್ ಹಲಗೆ, ಮೋಡ ಬಂದರೆ ಜನರೇಟರು. ಏನೇ ಆಗಲಿ, ಮೀನಿನ ತೊಟ್ಟಿಗಳಿಗೆ ಗಾಳಿ ಊದುವ ಪಂಪು ನಿಲ್ಲಕೂಡದು. ಹರಿದ ಬಾಲದ ಮುದುಕಿ ಮೀನು ಒಂದರಿಂದ ಶುರುಮಾಡಿ ನಾಲ್ಕು ವರ್ಷ ನೀನು ಬೆಳೆಸಿದ ಕರಿಬಾಲದ ಸಂಸಾರ ಅದು, ನಾಳೆ ನೀನು ತೆರೆಯಲಿರುವ ಸಾಕುಮೀನಿನ ಅಂಗಡಿಯ ಬಂಡವಾಳ ಅದು. ಎಲ್ಲ ಗೊತ್ತು ಕಣೇ. ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನು. ಒಂದೇ ಸಲ ಓದಿದವರಿಗಿಂತ ದುಪ್ಪಟ್ಟು ತಿಳಿದಿರುತ್ತದೆ.

ಆದರೆ ಆ ಹಿಟ್ಟಿನ ಗಿರಣಿಯವನ ಬಾಯಿ! ಕ್ಷೌರದಂಗಡಿಯಲ್ಲಿ ಎಲ್ಲರೆದುರು "ಮಾವಯ್ಯ, ಮಿಷನ್ನು ಹುಡುಗೀದು, ಮೀನು ಹುಡುಗೀದು, ನಿಂದೇನು? ಬೀಗದ ಕೈ!" ಎಂದ. ಮುಖದ ತುಂಬ ಸೋಪು ಹಚ್ಚಿಸಿಕೊಂಡು ಕೂತಿದ್ದ ನಾನು ಉತ್ತರ ಹೇಳಲು ಹೋಗಿ ಸೋಪು ನುಂಗಿದೆ. ಮನೆಗೆ ಬಂದವನೇ ಅಟ್ಟದಿಂದ ಹಳೆಯ ಲಾರಿಯ ಹಾರ್ನು ಇಳಿಸಿದೆ. ಕಿರುಬೆರಳಿಗೆ ಭಾರದ್ದನ್ನು ನೇರವಾಗಿ ತೂಗುಹಾಕಬೇಡ, ನಡುವೆ ಭಾರ ಹೊರುವ ಸ್ವಿಚ್ಚು, ಆ ರಿಲೇ, ಇರಲಿ ಎಂದಿದ್ದೆಯಲ್ಲ, ಅದನ್ನು ಚಾಚೂ ತಪ್ಪದೆ ಪಾಲಿಸಿದೆ ನೋಡು: ಜನರೇಟರಿಗೆ ನೀನು ಹಾಕಿದ್ದ ರಿಲೇಯನ್ನೇ ಬಿಚ್ಚಿ ಹಾರ್ನಿಗೆ ಕೊಟ್ಟೆ. ಇನ್ವರ್ಟರಿನ ಗುಂಡಿ ಒತ್ತಿ ಒತ್ತಿ, 'ಇಳಿದಾಗ' ಎಂದಿದ್ದದ್ದನ್ನು 'ತುಂಬಿದಾಗ' ಎಂದು ಬದಲಿಸಿದೆ. ಮರುದಿನ ಮಧ್ಯಾಹ್ನ ಬ್ಯಾಟರಿ ತುಂಬಿತು, ಭೋಂ ಎಂದಿತು! ಗಿರಣಿಯವನ ಕೈಯಿಂದ ಹಿಟ್ಟಿನ ಡಬ್ಬಿ ಜಾರಿತು. ಬೀದಿಯವರು ಗಡಿಯಾರ ತಿದ್ದಿಕೊಂಡರು. ನಿನ್ನ ಅತ್ತೆ ಮಾತ್ರ "ತುಂಬಿದ ಕೊಡ ತುಳುಕಲ್ಲ ಅಂತಾರೆ, ನಿಮ್ಮದು ತುಂಬಿದ್ರೆ ಬೀದಿಗೆಲ್ಲ ಕೇಳುತ್ತೆ" ಎಂದಳು. ಜನರೇಟರನ್ನು ಬೇಕಾದಾಗ ನಾನೇ ಎಬ್ಬಿಸಿದರಾಯಿತು, ನಾನೇನು ಸತ್ತಿದ್ದೇನೆಯೇ ಎಂದುಕೊಂಡೆ.

ಕಳೆದ ವಾರ ಮೋಡ ಕವಿಯಿತು. ಹಾರ್ನು ಕೂಗಲಿಲ್ಲ. ಕೂಗದಿದ್ದರೆ ತುಂಬಿಲ್ಲ ಎಂದಷ್ಟೇ ಅರ್ಥ. ಎಷ್ಟು ಬತ್ತಿದೆ ಎಂದು ಹೇಳುವ ಬಾಯನ್ನು ನಾನೇ ಕಿತ್ತಿದ್ದೆನಲ್ಲ. ಭಾನುವಾರ ಮಧ್ಯಾಹ್ನ ಕ್ಷೌರದಂಗಡಿಯಲ್ಲಿ ಯಾರೋ ಹೊಸಬನಿಗೆ ಭೋಂ ಎಂದು ಅಣಕಿಸಿ ತೋರಿಸುತ್ತಿದ್ದೆ. ಗಿರಣಿಯವನು ಮೈಯೆಲ್ಲ ಹಿಟ್ಟಾಗಿ ಓಡಿಬಂದು "ಮಾವಯ್ಯ, ಶೆಡ್ಡು ಸುಮ್ಮನಾಗಿಬಿಟ್ಟಿದೆ!" ಎಂದ. ದಿನವಿಡೀ ಗುಳುಗುಳು ಎನ್ನುವ ಜಾಗ ಅದು. ಹೋಗಿ ನೋಡಿದರೆ ಮೀನುಗಳೆಲ್ಲ ನೀರ ಮೇಲಕ್ಕೆ ಬಂದು, ಅಆಇಈ ಒಪ್ಪಿಸುವ ಮಕ್ಕಳ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದವು. ಜನರೇಟರನ್ನು ತಟ್ಟಿ ಎಬ್ಬಿಸುವ ರಿಲೇ ಹಾರ್ನಿನ ಪಾಲಾಗಿತ್ತಲ್ಲ, ಕೈಯಿಂದಲೇ ಹಗ್ಗ ಎಳೆದೆ, ಎಳೆದೆ, ಭುಜ ಬಿದ್ದುಹೋಯಿತು, ಅದು ಏಳಲಿಲ್ಲ. ನಿನ್ನ ಅತ್ತೆ, ಮಂಡಿನೋವಿನ ಅಕ್ಕ, ಗಿರಣಿಯವನು ಮೂವರೂ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದರು, ಅಷ್ಟಾದರೂ ಗಾಳಿ ಸೇರಲಿ ಎಂದು. ಕೊನೆಗೆ ಜನರೇಟರು ಗುಡುಗಿತು, ಪಂಪು ಊದಿತು. ಒಂದು ಹತ್ತಿಪ್ಪತ್ತು ಹೋದವು ಅನ್ನು.

ಮತ್ತೆ ಎದ್ದು ಬಂದೆ. ಈ ಸಲ ನಿಜವಾಗಿಯೂ ಜನರೇಟರೇ, ತಾನಾಗಿ ಎದ್ದಿದೆ. ರಿಲೇಯನ್ನೂ ತಂತಿಯನ್ನೂ ನೀನು ಇಟ್ಟಿದ್ದ ಜಾಗಕ್ಕೇ ಹಾಕಿದ್ದೇನೆ, ಗುಂಡಿ ಒತ್ತಿ ಮತ್ತೆ 'ಇಳಿದಾಗ' ಎಂದು ಮಾಡಿದ್ದೇನೆ. ಆದರೂ ಸ್ಟೂಲಿನ ಮೇಲೆ ಕೂರಲಾಗುತ್ತಿಲ್ಲ, ಕಾಲಿನಡಿ ಕೆಂಡ ಇಟ್ಟಂತೆ. ಹಾರ್ನನ್ನು ಗಿರಣಿಯವನಿಗೆ ಕೊಟ್ಟುಬಿಟ್ಟೆ. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೊರಟುಹೋದ. ನಾಲ್ಕು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ನಿನ್ನೆ ಫೋನಿನಲ್ಲಿ ಹೇಳಬೇಕೆಂದೇ ಕೂತಿದ್ದೆ. ನೀನು "ಮಾವ, ಶನಿವಾರ ಗಾಜಿನವನಿಗೆ ಎಂಟು ತೊಟ್ಟಿ ಹೇಳ್ತೀನಿ, ಮುಂಗಡ ಕೊಟ್ರೆ ವಾಪಸ್ ಬರಲ್ಲ, ಮೀನೆಲ್ಲ ಹೇಗಿವೆ?" ಎಂದು ಕುಣಿಯುತ್ತ ಕೇಳಿದೆ. ನಾನು "ರಾಜರ ಹಾಗಿವೆ" ಎಂದುಬಿಟ್ಟೆ. ಈ ನಾಲಗೆಗೆ ನಿಜ ಹೇಳಿ ರೂಢಿಯಿಲ್ಲ, ಕೈಗಾದರೂ ಇರಬಹುದೆಂದು ಬರೆಯುತ್ತಿದ್ದೇನೆ. ಇವತ್ತಿನ ಟಪಾಲಿಗೆ ಕೊಟ್ಟರೆ ಶುಕ್ರವಾರ ನಿನ್ನ ಕೈಸೇರುತ್ತದೆ.

ಹೊತ್ತುಹೊತ್ತಿಗೆ ಉಣ್ಣು. ತಂತಿ ಮುಟ್ಟುವಾಗ ಒಣ ಚಪ್ಪಲಿ ಮೆಟ್ಟಿರು. ನೂರು ವರ್ಷ ಬಾಳು, ಅದರಲ್ಲಿ ಒಂದು ದಿನವೂ ನನ್ನಂಥವನ ಕೈಗೆ ಬೀಗದ ಕೈ ಕೊಡಬೇಡ.

ಇಂತಿ ನಿನ್ನ ಸೋದರಮಾವ,
ಬೀಗದ ಕೈ

ಮರೆತದ್ದು: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಎಂಟು ತೊಟ್ಟಿ ಹೇಳಬೇಡ, ಒಂದು ಸಾಕು. ಸತ್ತದ್ದು ಎರಡಲ್ಲ, ಹತ್ತಿಪ್ಪತ್ತೂ ಅಲ್ಲ. ನೀನು ಬಿಟ್ಟುಹೋದದ್ದು ಮುನ್ನೂರ ನಲವತ್ತು. ಉಳಿದದ್ದು ಹನ್ನೊಂದು, ಅದರಲ್ಲಿ ಹರಿದ ಬಾಲದ ಮುದುಕಿಯೂ ಇದ್ದಾಳೆ. ನಾನು ಕಳೆದದ್ದು ಮುನ್ನೂರ ಇಪ್ಪತ್ತೊಂಬತ್ತು.