ಏಳನೆಯ ಹಲಗೆ

ಧಾರವಾಡ, ಕ್ರಿ.ಶ. ೨೪೧೯, ಹೊಸ ಪಂಚಾಂಗದ ಹದಿಮೂರನೇ ತಿಂಗಳ ಮೂವತ್ತನಾಲ್ಕು

ಕ್ಯೋಟೋದ ಮರದಚ್ಚಿನ ಕಲಾವಿದೆ ಚಿಹಾರು ಮೊರಿಬೆ ಅವರಿಗೆ ಸುರಗಿಯ ನಮಸ್ಕಾರ.

ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್. ಅದರ ಮೇಲೆ ನಿಮಗೆ ಕನ್ನಡವೇ ಬಾರದು. ಸಾರಿ, ಯಾರಿಂದಲಾದರೂ ಓದಿಸಿಕೊಳ್ಳಿ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಫಸ್ಟ್ ಇಯರ್‌ನವರಿಗೆ ಒಂದೇ ಒಂದು ಕೊಡುತ್ತಾರೆ. ಎಲ್ಲರೂ ಅಜ್ಜಿಯ ಅಜ್ಜಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲದ ನಂತರ ನಿಮ್ಮ ಊರು ಖಾಲಿಯಾದಾಗ ನೀವು ಕೆತ್ತಿದ ಅಚ್ಚಿನ ಹಲಗೆಗಳೆಲ್ಲ ನಮ್ಮ ಅಚ್ಚುಶಾಲೆಗೆ ಬಂದವು. ಪ್ರತಿ ವರ್ಷ ಪರೀಕ್ಷೆಗೆ ನಿಮ್ಮ ದೆವ್ವದ ಹುಡುಗಿಯನ್ನೇ ಅಚ್ಚೊತ್ತಬೇಕು: ಹಳೇ ಪದ್ಧತಿಯ ಬಿಳಿ ಕಿಮೋನೊ, ಪಾದಗಳಿಲ್ಲ, ಕಿವಿಗೆ ಗೇಮ್ ಆಡುವವರ ಹೆಡ್‌ಫೋನ್, ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು. ಬಣ್ಣಕ್ಕೊಂದು ಹಲಗೆ. ಏಳನೆಯದರಲ್ಲಿ ಎಳ್ಳಿನಷ್ಟು ಎರಡು ಚುಕ್ಕೆ, ಕಣ್ಣಿನ ಪಾಪೆ. ಅದನ್ನು ಒತ್ತಬೇಡ, ಕಣ್ಣು ಖಾಲಿ ಬಿಡು ಎಂದು ಸೀನಿಯರ್‌ಗಳು ಹೇಳಿದ್ದರು. ರ್‍ಯಾಗಿಂಗ್ ಎಂದುಕೊಂಡೆ. ಅಚ್ಚಿಗೆ ಬಳಸುವ ಅಕ್ಕಿಯ ಅಂಟನ್ನು ಗಂಜಿ ಎಂದು ಮೊದಲ ವಾರ ನನಗೆ ಕುಡಿಸಿದವರೂ ಅವರೇ. ಮಾರ್ಕ್ಸ್ ಹೋಗುತ್ತದೆಂಬ ಹೆದರಿಕೆಯಲ್ಲಿ ಒತ್ತಿಬಿಟ್ಟೆ. ಕಾಗದದ ಆಚೆ ತುದಿ ಹಿಡಿದು ನಿಂತಿದ್ದವಳು ನನ್ನ ರೂಮ್‌ಮೇಟ್ ಬಸಮ್ಮ.

ಹಲಗೆಗೆ ಹಚ್ಚಿದ್ದು ಕಪ್ಪು. ಕಾಗದದ ಮೇಲೆ ಬಿದ್ದದ್ದು ಕಂದು, ಎಡಗಣ್ಣಿನಲ್ಲಿ ಒಂದು ಹೊಂಬಣ್ಣದ ಚುಕ್ಕೆ. ಅದು ಬಸಮ್ಮನ ಕಣ್ಣು. ಅವಳ ಕಣ್ಣುಗಳಲ್ಲಿ ಈಗ ಬರೀ ಬಿಳಿ ಉಳಿದಿದೆ. ಚಿತ್ರವನ್ನು ಒಣಗಲು ಗೋಡೆಗೆ ತೂಗುಹಾಕಿ ತಿರುಗಿದೆ. ನನಗೆ ಬೆನ್ನು ಮಾಡಿ ಕೂತಿದ್ದ ಅವಳು ಮೆಲ್ಲಗೆ ಹೇಳಿದಳು:

“ಸುರಗಿ, ನಿನ್ನ ಜಡಿ ಬಿಚ್ಚೇತಿ ನೋಡ. ಗ್ವಾಡಿ ಮ್ಯಾಲಿಂದ ಕಾಣಾಕತ್ತೇತಿ.”

ಚಿತ್ರವನ್ನು ಮಗುಚಿದರೆ ಅವಳಿಗೆ ಕತ್ತಲು. ಹಲಗೆಯ ಮೇಲಿನ ಆ ಚುಕ್ಕೆಗಳನ್ನು ಹೆರೆದು ಹಾಕೋಣವೆಂದು ಅಚ್ಚು ಕಲಿಸುವ ಮೇಡಂ ಉಳಿ ತಾಗಿಸಿದರು. ಬಸಮ್ಮ ಮುಖ ಮುಚ್ಚಿಕೊಂಡು ಚೀರಿದಳು. ಊಟಕ್ಕೆ ಹೋಗುವಾಗ ನಾನು ಚಿತ್ರವನ್ನು ಎದೆಗೆ ಹಿಡಿದು ಮುಂದೆ ನಡೆಯುತ್ತೇನೆ, ಅವಳು ನನ್ನ ಹೆಗಲು ಹಿಡಿದು ಹಿಂದೆ ಬರುತ್ತಾಳೆ. ಮೆಸ್ಸಿನಲ್ಲಿ ನಮ್ಮ ಬೆಂಚಿಗೆ ಯಾರೂ ಬರುವುದಿಲ್ಲ. ಇವತ್ತು ಮಧ್ಯಾಹ್ನ ಚಿತ್ರ ರೆಪ್ಪೆ ಬಡಿಯಿತು. ಬಸಮ್ಮ ಆಗ ನಿದ್ದೆಯಲ್ಲಿದ್ದಳು.

ಈ ಪತ್ರ ತಲುಪುವ ಹೊತ್ತಿಗೆ ನೀವು ಆರು ಹಲಗೆ ಮುಗಿಸಿರುತ್ತೀರಿ. ಏಳನೆಯದನ್ನು ದಯವಿಟ್ಟು ಕೆತ್ತಬೇಡಿ. ಕಣ್ಣಿಲ್ಲದ ಚಿತ್ರ ಯಾರಿಗೂ ಬೇಡವಾಗಬಹುದು, ಹಲಗೆಗಳು ಧಾರವಾಡಕ್ಕೆ ಬರದೇ ಹೋಗಬಹುದು, ಈ ಶಾಲೆ, ನಮ್ಮ ರೂಮು ಯಾವುದೂ ಇಲ್ಲದಿರಬಹುದು. ಆಗ ಬಸಮ್ಮ ನನಗೆ ಪರಿಚಯವೇ ಆಗುವುದಿಲ್ಲ. ಯೋಚಿಸಿಯೇ ಕೇಳುತ್ತಿದ್ದೇನೆ. ಅವಳು ಎಲ್ಲಾದರೂ ಇರಲಿ, ತನ್ನ ಕಣ್ಣಿನಿಂದಲೇ ನೋಡಲಿ.